ಎಲ್ಲ ಬಾಗಿಲೂ ಒಂದೇ ಕೋಣೆಗೆ

ಮಾರ್ಚ್ ೪

ಅತ್ತಿಗೆಗೆ, ಗುಬ್ಬಿ ಮಾಡುವ ನಮಸ್ಕಾರ.

ಕೈಕಾಲು ಎಲ್ಲ ಸರಿಯಾಗಿರುವಂತೆಯೇ ಬಂದು ತಲುಪಿದ್ದೇನೆ. ಬಸ್ಸಿನಲ್ಲಿ ಪಕ್ಕದವನು ದಾರಿಯುದ್ದಕ್ಕೂ ನನ್ನ ಹೆಗಲನ್ನೇ ದಿಂಬು ಮಾಡಿಕೊಂಡು ಗೊರಕೆ ಹೊಡೆದಿದ್ದರಿಂದ ಕತ್ತು ಒಂದು ಕಡೆ ವಾಲಿದೆ, ಅಷ್ಟೇ. ಈ ಕಾಲದಲ್ಲಿ ಇವನೇನು ಕಾಗದ ಬರೆಯುತ್ತಾನೆ ಅಂತ ನಗಬೇಡಿ. ಕಂಪನಿಯ ಗೇಟಿನಲ್ಲೇ ಫೋನು ಇಸಿದುಕೊಂಡು ಚೀಲಕ್ಕೆ ಹಾಕಿ ಬೀಗ ಜಡಿದರು. ಅತಿಥಿಗೃಹವೂ ಕಾಂಪೌಂಡಿನ ಒಳಗೇ ಇದೆ, ಹಾಗಾಗಿ ಕೆಲಸ ಮುಗಿಯುವ ತನಕ ಫೋನಿನ ಆಸೆ ಬಿಡಬೇಕು. ಇನ್ನು ಇಲ್ಲಿನ ಮೇಲ್‌ಗೆ ಮಾತ್ರ ದಯವಿಟ್ಟು ಏನನ್ನೂ ಬರೆಯಬೇಡಿ. ಅದು ಕೆಟ್ಟಿದೆ ಅಂತಲೇ ತಾನೆ ನನ್ನನ್ನು ಕರೆಸಿರುವುದು! ಒಬ್ಬರಿಗೆ ಬಂದದ್ದನ್ನು ಇನ್ನೊಬ್ಬರು ಓದುವ ಹಾಗಾಗಿದೆ.

ನಾನು ಅಣ್ಣನ ತಮ್ಮ ಅಂತ ಇಲ್ಲಿ ಯಾರಿಗೂ ಹೇಳಿಲ್ಲ. ಅವರ ಪಾಲಿಗೆ ನಾನು ಏಜೆನ್ಸಿ ಕಳಿಸಿದ ಸರ್ವರ್ ರಿಪೇರಿಯವನು. ಈ ಕೆಲಸ ನನಗೇ ಬೇಕು ಅಂತ ಏಜೆನ್ಸಿಯಲ್ಲಿ ಹಟ ಹಿಡಿದು ಪಡೆದುಕೊಂಡೆ ಎಂಬುದು ನಿಮಗೆ ಗೊತ್ತು. ಆ ಕೋಣೆಯನ್ನು ಒಂದು ಸಲ ಕಣ್ಣಾರೆ ನೋಡಬೇಕಿತ್ತು. ನೋಡಿದೆ. ಕಳೆದ ವರ್ಷ ಅಣ್ಣ ಊಟ ಮುಗಿಸಿ ಬಂದ, ಒಳಗೆ ಧೂಳಾಗಬಾರದೆಂದು ಎಲ್ಲರಂತೆ ಚಪ್ಪಲಿ ಹೊರಗೆ ಬಿಟ್ಟ, ಸರ್ವರ್ ಕೋಣೆಗೆ ಹೋದ, ಸಂಜೆಗೆ ಚಪ್ಪಲಿ ಮಾತ್ರ ಉಳಿದಿತ್ತು ಅಂತ ಪೊಲೀಸರು ಹೇಳಿದರಲ್ಲ, ಅದೇ ಕೋಣೆ. ಇರುವುದು ಒಂದೇ ಬಾಗಿಲು, ಕಿಟಕಿ ಇಲ್ಲ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಸಾಲದು. ಗೋಡೆಯನ್ನೆಲ್ಲ ತಟ್ಟಿ ತಟ್ಟಿ ನೋಡಿದೆ. ಹುಚ್ಚ ಅಂತ ಬೈಯಿರಿ ಬೇಕಾದರೆ.

ಕೆಲಸ ಏನು ಅಂತ ಪುಟ್ಟಿ ಕೇಳಿದ್ದಳು, ಅವಳಿಗೆ ಹೀಗೆ ಹೇಳಿ. ಮೇಲ್ ಸರ್ವರ್ ಅಂದರೆ ಒಂದು ದೊಡ್ಡ ಮನೆ. ಬ್ರೌಸರಿನಿಂದ ಒಳಗೆ ಬರಲು ಅದಕ್ಕೆ ಹಲವು ಬಾಗಿಲುಗಳು. ಮೇಲ್ ಓದಲು ಒಂದು, ಕ್ಯಾಲೆಂಡರ್ ನೋಡಲು ಒಂದು, ವಿಳಾಸ ಹುಡುಕಲು ಒಂದು. ಇವುಗಳನ್ನು ನಾವು ಡೈರೆಕ್ಟರಿ ಅನ್ನುತ್ತೇವೆ. ಯಾರು ಯಾವ ಬಾಗಿಲಿಂದ ಬಂದರೂ ಅವರವರ ಕೋಣೆಗೇ ಹೋಗಬೇಕು. ಇಲ್ಲಿ ಮಾತ್ರ ಯಾರು ಎಲ್ಲಿಂದ ಬಂದರೂ ಒಂದೇ ಕೋಣೆಗೆ ಹೋಗಿ ಬೀಳುತ್ತಿದ್ದಾರೆ. ವಿಚಿತ್ರ ಏನೆಂದರೆ ಒಂದು ವರ್ಷದಿಂದ ಹೀಗೇ ಇದ್ದರೂ ಯಾರೂ ದೂರು ಕೊಟ್ಟಿಲ್ಲ. ಹೊಸದಾಗಿ ಬಂದ ಮ್ಯಾನೇಜರ್ ಒಬ್ಬರೇ ಕೂಗಾಡಿದ್ದು.

ಕಟ್ಟಡ ದೊಡ್ಡದು. ಕಾರಿಡಾರುಗಳಿಗೆಲ್ಲ ಬೂದು ಕಾರ್ಪೆಟ್ ಹಾಸಿದ್ದಾರೆ, ನಡೆದರೆ ಸದ್ದೇ ಆಗುವುದಿಲ್ಲ. ತಿರುಗಿ ನೋಡಿದರೆ ಯಾರಾದರೂ ನಿಂತಿರುತ್ತಾರೆ. ನಿಮ್ಮ ಮಂಡಿ ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳಲು ಸೋಮಾರಿತನ ಮಾಡಬೇಡಿ.

ನಿಮ್ಮ
ಗುಬ್ಬಿ


ಮಾರ್ಚ್ ೧೧

ಗುಬ್ಬಿ,

ನಿನ್ನ ಕಾಗದ ಅಂಗಡಿಯ ವಿಳಾಸಕ್ಕೆ ಬಂದದ್ದು ಒಳ್ಳೆಯದೇ ಆಯಿತು. ಅಂಗಡಿಯ ಯಜಮಾನರು ಅದನ್ನು ಬೆಳಕಿಗೆ ಹಿಡಿದು, "ಏನ್ರೀ, ನಿಮಗೂ ಪ್ರೇಮಪತ್ರ ಬರುತ್ತಾ?" ಅಂತ ಹಲ್ಲು ಕಿಸಿದರು. "ಬರುತ್ತೆ, ನಿಮ್ಮ ಹೆಂಡತೀನ ಕೇಳ್ಕೊಂಡು ನಿಮಗೂ ಒಂದು ಬರೆಸ್ಲಾ?" ಅಂದೆ. ಮಾರಾಟಕ್ಕಿಟ್ಟ ಕನ್ನಡಕ ಒರೆಸತೊಡಗಿದರು.

ನಿನ್ನೆ ಕಣ್ಣು ಪರೀಕ್ಷೆಗೆ ಒಬ್ಬ ಅಜ್ಜ ಬಂದಿದ್ದರು. ಗೋಡೆಯ ಮೇಲಿನ ಅಕ್ಷರಗಳನ್ನು ಮೇಲಿಂದ ಕೆಳಗಿನವರೆಗೆ ಗಡಗಡ ಓದಿಬಿಟ್ಟರು. ಹಲಗೆಯನ್ನು ತಿರುಗಿಸಿಟ್ಟ ಮೇಲೂ ಅದನ್ನೇ ಓದಿದರು! ನಾವು ನೋಡುವುದು ಕಡಿಮೆ, ನೆನಪಿನಿಂದ ಹೇಳುವುದೇ ಜಾಸ್ತಿ ಅಂತ ಆಮೇಲೆ ಅನ್ನಿಸಿತು.

ಪುಟ್ಟಿಗೆ ಜ್ವರ ಬಂದು ಹೋಯಿತು. ನಿನ್ನ ಮನೆ-ಬಾಗಿಲಿನ ಪಾಠ ಅವಳಿಗೆ ಓದಿ ಹೇಳಿದೆ. "ಹಾಗಾದ್ರೆ ಆ ಒಂದು ಕೋಣೆಯಲ್ಲಿ ತುಂಬಾ ರಷ್ ಇರುತ್ತೆ ಅಲ್ವಾ?" ಅಂದಳು. ನನಗೂ ಒಂದೆರಡು ಪ್ರಶ್ನೆಗಳಿವೆ, ಸುಮ್ಮನೆ ತಿಳಿದುಕೊಳ್ಳಲು. ಆ ಒಂದು ಕೋಣೆ ಯಾರದ್ದು? ನೀನು ಬಾಗಿಲುಗಳನ್ನು ಸರಿ ಮಾಡಿದ ಮೇಲೆ ಆ ಕೋಣೆಯಲ್ಲಿರುವ ಮೇಲ್‌ಗಳು ಏನಾಗುತ್ತವೆ? ಹೊರಗಿನಿಂದ ಯಾರಾದರೂ ಬರೆದರೆ ಉತ್ತರ ಬರುತ್ತದೋ ಇಲ್ಲವೋ?

ಅವಸರ ಮಾಡಬೇಡ. ಅಷ್ಟು ದೂರ ಹೋಗಿದ್ದೀಯ, ನಿಧಾನವಾಗಿ ಮಾಡು. ನನ್ನ ಬಗ್ಗೆ ಯೋಚನೆ ಬೇಡ, ಈಚೆಗೆ ಚೆನ್ನಾಗಿ ನಿದ್ದೆ ಬರುತ್ತಿದೆ. ಅಟ್ಟದ ಮೇಲಿನ ಟ್ರಂಕು ಇಳಿಸಿ ಒರೆಸಿಟ್ಟೆ. ಮಂಡಿ ಎಂದಿನಂತೆ ತನ್ನ ಪಾಡಿಗೆ ತಾನು ಗೊಣಗುತ್ತಿದೆ.

ಅತ್ತಿಗೆ


ಮಾರ್ಚ್ ೧೭

ಅತ್ತಿಗೆ,

ನೀವು ಚೆನ್ನಾಗಿ ನಿದ್ದೆ ಮಾಡುತ್ತಿದ್ದೀರಿ ಅಂತ ಓದಿ ಎಷ್ಟು ನೆಮ್ಮದಿಯಾಯಿತು ಗೊತ್ತಾ? ಅಟ್ಟ ಗುಡಿಸಲು ಮನಸ್ಸು ಬಂದಿದೆ ಅಂದರೆ ಮನಸ್ಸಿನ ಭಾರವೂ ಇಳಿಯುತ್ತಿದೆ ಅಂತಲೇ ಲೆಕ್ಕ. ಇಲ್ಲಿ ಮಾತ್ರ ನನ್ನ ನಿದ್ದೆ ಹಾರಿಹೋಗಿದೆ.

ಮೊನ್ನೆ ಬೆಳಗ್ಗೆ ರಿಸೆಪ್ಷನ್ ದಾಟಿ ಹೋಗುತ್ತಿದ್ದೆ. ಅಲ್ಲಿ ಕೂರುವ ಹೆಂಗಸು ಐವತ್ತು ದಾಟಿದವರು, ಯಾವಾಗಲೂ ಕತ್ತಿನವರೆಗೆ ಸ್ವೆಟರ್. ತಲೆ ಎತ್ತದೆಯೇ, "ಗುಬ್ಬೀ, ತಿಂಡಿ ಆಯ್ತಾ?" ಅಂದರು. ತಟ್ಟನೆ ತಿರುಗಿ ನಿಂತೆ. ಆ ಹೆಸರು ಗೊತ್ತಿರುವುದು ನಮ್ಮ ಮನೆಯ ನಾಲ್ಕು ಜನಕ್ಕೆ. ಇಟ್ಟವನು ಅಣ್ಣ. "ಯಾರು ಹೇಳಿದ್ರು ನಿಮಗೆ?" ಅಂತ ಕೇಳಿದರೆ, "ಹೇಳೋದೇನು ಬಂತು? ನಿನ್ನ ನೋಡಿದ್ರೆ ಗೊತ್ತಾಗಲ್ವಾ?" ಅಂದು ಬಿಸಿನೀರಿನ ಲೋಟ ಎತ್ತಿ ಕುಡಿದರು. ಬಿಸಿನೀರು, ಅತ್ತಿಗೆ! ಇಲ್ಲಿ ಸ್ಟೋರ್ ನೋಡಿಕೊಳ್ಳುವವರ ಮೇಜಿನ ಮೇಲೂ ಬಿಸಿನೀರು. ಕಂಪನಿಯ ಡ್ರೈವರನ ಕೈಯಲ್ಲೂ ಬಿಸಿನೀರು. ಈ ಬೇಸಗೆಯಲ್ಲಿ ಅಣ್ಣನನ್ನು ಬಿಟ್ಟರೆ ಅದನ್ನು ಇಷ್ಟಪಟ್ಟು ಕುಡಿದವರನ್ನು ನಾನು ಕಂಡಿಲ್ಲ. ಮಾತು ಮುಗಿಸುವಾಗ ಎಲ್ಲರೂ "ಅದಿರ್ಲಿ" ಅನ್ನುತ್ತಾರೆ, ಅವನ ಹಾಗೆಯೇ ಕೊನೆಯನ್ನು ಎಳೆದು.

ಸ್ಟೋರಿನವರು ಲಿಫ್ಟಿನಲ್ಲಿ ಸಿಕ್ಕಿ, "ಪುಟ್ಟಿಗೆ ಜ್ವರ ಬಿಡ್ತಲ್ಲ, ಸದ್ಯ" ಅಂದರು. ಜ್ವರದ ಸುದ್ದಿಯಿದ್ದ ನಿಮ್ಮ ಕಾಗದ ನನ್ನ ಕೈ ಸೇರಿದ್ದೇ ಅದರ ಮಾರನೆಯ ದಿನ.

ನೀವು ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತೇನೆ, ಗಾಬರಿಯಾಗಬೇಡಿ. ಆ ಕೋಣೆ ಅಣ್ಣನದು. ಎಲ್ಲರೂ ಹೋಗಿ ಬೀಳುತ್ತಿರುವುದು ಅವನ ಮೇಲ್ ಪೆಟ್ಟಿಗೆಗೆ. ಇದು ನಮ್ಮ ಕಸುಬಿನವರು ಮಾತ್ರ ಮಾಡುವ ತಪ್ಪು. ಸರ್ವರಿನ ಹೆಬ್ಬಾಗಿಲಿಗೆ 'ಇತ್ತ ಹೋಗಿ' ಅಂತ ಒಂದು ಸೂಚನೆ ಹಾಕಿದರೆ ಅದು ಹೆಬ್ಬಾಗಿಲಿಗಷ್ಟೇ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಒಳಗಿನ ಪ್ರತಿಯೊಂದು ಡೈರೆಕ್ಟರಿಯೂ ಅದನ್ನು ತನ್ನ ಸೂಚನೆ ಅಂತಲೇ ತೆಗೆದುಕೊಂಡುಬಿಡುತ್ತದೆ, ಮಕ್ಕಳು ಅಪ್ಪನ ಸಿಡುಕು ಕಲಿಯುವ ಹಾಗೆ. ಹಾಕಿದವನು ಒಳಗೆ ಹೋಗಿ ಒಂದೊಂದರಿಂದಲೂ ಕಿತ್ತು ಬರಬೇಕು. ಅಣ್ಣ ಏನನ್ನೋ ಪರೀಕ್ಷೆ ಮಾಡಲು ಸೂಚನೆಯನ್ನು ತನ್ನ ಪೆಟ್ಟಿಗೆಗೆ ತಿರುಗಿಸಿದ್ದಾನೆ, ಅದರ ಕೀಲಿಯನ್ನೂ ಎಲ್ಲರಿಗೂ ಕೊಟ್ಟಿದ್ದಾನೆ. ಕಿತ್ತಿಲ್ಲ. ಈ ಪಾಠವನ್ನು ನನಗೆ ತಲೆಗೆ ಮೊಟಕಿ ಕಲಿಸಿದವನೇ ಅವನು. ಅವನಂಥವನು ಮರೆತನೇ? ನನಗೆ ನಂಬಲಾಗುತ್ತಿಲ್ಲ.

ಪೆಟ್ಟಿಗೆಯೊಳಗೆ ಹಳೆಯ ಕೆಲಸದ ಮೇಲ್‌ಗಳನ್ನು ಬಿಟ್ಟರೆ ಏನೂ ಇಲ್ಲ. ನೀವು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮಂಡಿಗೆ ಡಾಕ್ಟರನ್ನು ನೋಡಿ, ಗೊಣಗಲು ಬಿಡಬೇಡಿ.

ಗುಬ್ಬಿ


ಮಾರ್ಚ್ ೨೪

ಗುಬ್ಬಿ,

ಏನೂ ಇಲ್ಲ ಅಂತ ಬರೆದಿದ್ದೀಯ. ಸರಿ, ನೀನು ಹೇಳಿದ ಮೇಲೆ ಮುಗೀತು.

ಅಂಗಡಿಯಲ್ಲಿ ರಜೆ ಹೇಳಿದ್ದೇನೆ. ಪುಟ್ಟಿಗೂ ಶಾಲೆ ಮುಗಿಯುತ್ತಾ ಬಂತು. ಕಂಪನಿಯ ಹಿಂದಿನ ಬೀದಿಯಲ್ಲಿ ನೀಲಿ ಗೇಟಿನ ಮನೆ ಇದೆಯಾ? ನಲ್ಲಿಯಲ್ಲಿ ಇಡೀ ದಿನ ನೀರು ಬರುತ್ತದಾ? ಸುಮ್ಮನೆ ಕೇಳಿದೆ.

ನಿನ್ನ ಕೆಲಸವನ್ನು ಇನ್ನೂ ಸ್ವಲ್ಪ ದಿನ ಎಳೆಯಲು ಆಗುವುದಾದರೆ ಎಳೆ.

ಅತ್ತಿಗೆ


ಮಾರ್ಚ್ ೨೯

ಅತ್ತಿಗೆ,

ದಯವಿಟ್ಟು ಹೊರಡಬೇಡಿ. ಟ್ರಂಕು ತುಂಬಿದ್ದರೆ ಖಾಲಿ ಮಾಡಿ. ಟಿಕೆಟ್ ತೆಗೆದಿದ್ದರೆ ಹರಿದು ಹಾಕಿ. ಮೊದಲು ಇದನ್ನು ಪೂರ್ತಿ ಓದಿ.

ಹಿಂದಿನ ಕಾಗದದಲ್ಲಿ ಸುಳ್ಳು ಹೇಳಿದೆ. ಅಣ್ಣನ ಪೆಟ್ಟಿಗೆ ತೆರೆದ ದಿನವೇ ನಿಮ್ಮ ಮೇಲ್‌ಗಳನ್ನು ಕಂಡೆ. ಓದಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಗಂಡ ಹೆಂಡಿರ ನಡುವಿನದು ಅಂತ ಕಣ್ಣು ಬೇರೆ ಕಡೆ ತಿರುಗಿಸಿದೆ. ಅವನು ಕಾಣೆಯಾದ ಮೇಲೂ ನೀವು ಅವನಿಗೆ ಬರೆಯುತ್ತಲೇ ಇದ್ದೀರಿ ಅಂತ ತಿಳಿದು ಪೆಟ್ಟಿಗೆಯನ್ನು ಮುಚ್ಚಿಬಿಟ್ಟೆ. ಅವುಗಳಿಗೆ ಉತ್ತರಗಳೂ ಹೋಗಿವೆ ಅಂತ ನನಗೆ ಗೊತ್ತಿರಲಿಲ್ಲ. ನಿಮ್ಮ ಕಾಗದದಲ್ಲಿ ನೀಲಿ ಗೇಟು ಅಂತ ಓದಿದ ಮೇಲೆ ಹಿಂದಿನ ಬೀದಿಗೆ ಹೋದೆ. ಮನೆ ಇದೆ. ಬಾಗಿಲು ತೆರೆದಿತ್ತು. ಒಳಗೆ ಡ್ರೈವರ್ ಏಣಿ ಹತ್ತಿ ಪರದೆ ಸಿಕ್ಕಿಸುತ್ತಿದ್ದ, ಸ್ಟೋರಿನವರು ಎರಡು ಮಂಚಗಳನ್ನು ಗೋಡೆಗೆ ಸರಿಸುತ್ತಿದ್ದರು, ರಿಸೆಪ್ಷನ್ನಿನವರು ನೆಲ ಒರೆಸುತ್ತಿದ್ದರು. "ಬಾ ಗುಬ್ಬಿ, ಪುಟ್ಟಿಯ ಮೇಜು ಕಿಟಕಿ ಹತ್ರ ಇಡ್ಲಾ, ಒಳಗಿಡ್ಲಾ?" ಅಂತ ಕೇಳಿದರು.

ನಾನು ಕೂಗಾಡಿಬಿಟ್ಟೆ. ಯಾರ ಮನೆ ಇದು, ಯಾರು ಬರುತ್ತಾರೆ, ನಿಮಗೇನು ಬುದ್ಧಿ ಇದೆಯಾ ಅಂತ. ಒಬ್ಬರೂ ಸಿಟ್ಟಾಗಲಿಲ್ಲ. ರಿಸೆಪ್ಷನ್ನಿನವರು ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿ ಎಲ್ಲ ಹೇಳಿದರು. ಅಣ್ಣ ಕಾಣೆಯಾದ ವಾರದಿಂದಲೇ ಬ್ರೌಸರಿನಲ್ಲಿ ಎಲ್ಲರಿಗೂ ಅವನ ಪೆಟ್ಟಿಗೆ ತೆರೆದುಕೊಳ್ಳತೊಡಗಿತು. ಮೇಜಿನ ಕಂಪ್ಯೂಟರಿನ ಬೇರೆ ತಂತ್ರಾಂಶದಲ್ಲಿ ಅವರವರ ಕೆಲಸದ ಮೇಲ್ ಬರುತ್ತಿದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಅಷ್ಟರಲ್ಲಿ ನಿಮ್ಮ ಮೊದಲ ಮೇಲ್ ಬಂತು. ಆಮೇಲೆ ಇನ್ನೊಂದು, ಮತ್ತೊಂದು. "ಯಾರೂ ಉತ್ತರ ಕೊಡ್ತಿರ್ಲಿಲ್ಲ ಕಣಪ್ಪ. ನೀನಾಗಿದ್ರೆ ನೋಡ್ಕೊಂಡು ಸುಮ್ನಿರ್ತಿದ್ಯಾ?" ಅಂದರು. ಮೊದಲು ಅವರು ಒಂದು ಸಾಲು ಬರೆದರಂತೆ. ಆಮೇಲೆ ಮೂವರೂ ಸರದಿ ಮಾಡಿಕೊಂಡರಂತೆ. ಬಂದುಬಿಡು ಅಂತ ನಿಮ್ಮನ್ನು ಕರೆದದ್ದು ಅವರೇ. ಅಣ್ಣ ಅಲ್ಲ, ಅತ್ತಿಗೆ. ಇದನ್ನು ಬರೆಯಲು ಕೈ ಬರುತ್ತಿಲ್ಲ. ಒಂದೂ ಅಣ್ಣ ಬರೆದದ್ದಲ್ಲ.

ಇದಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಇನ್ನೊಂದು. ಸ್ಟೋರಿನವರು ಮಂಚದ ಮೇಲೆ ಕೂತು ಪುಟ್ಟಿ ಹುಟ್ಟಿದ ದಿನದ ಕತೆ ಹೇಳಿದರು. "ನಾನು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತಿದ್ದೆ. ನರ್ಸ್ ಬಂದು ಹೆಣ್ಣು ಅಂದ್ಲು. ನಾನು ಎದ್ದು ನಿಂತೆ, ಕಾಲು ಜೋಮು ಹಿಡಿದು ಹಾಗೇ ಕುಸಿದೆ." ನಿಮ್ಮ ಗಂಡ ಅನ್ನಲಿಲ್ಲ, ನಾನು ಅಂದರು. ಉಳಿದಿಬ್ಬರೂ ಹೌದು ಹೌದು ಅಂತ ತಲೆಯಾಡಿಸಿದರು. ಡ್ರೈವರ್ ಏಣಿಯ ಮೇಲಿಂದಲೇ, "ಎಡಗಾಲು" ಅಂದ. ಆ ದಿನ ಪಕ್ಕದಲ್ಲೇ ಇದ್ದ ನನಗೆ ಗೊತ್ತು, ಜೋಮು ಹಿಡಿದದ್ದು ಎಡಗಾಲೇ. ಅದನ್ನು ನೀವು ಅವರಿಗೆ ಬರೆದಿದ್ದಿರಾ? ಬರೆದಿದ್ದೀರಿ ಅಂತ ಹೇಳಿ, ದಮ್ಮಯ್ಯ.

ನಾಳೆ ಬಾಗಿಲುಗಳನ್ನೆಲ್ಲ ಕಿತ್ತು ಹೊಸದಾಗಿ ಕೂರಿಸುತ್ತೇನೆ. ಬೇಡ ಗುಬ್ಬಿ, ಸರಿ ಮಾಡ್ಬೇಡ ಅಂತ ಮೂವರೂ ಕೈ ಹಿಡಿದುಕೊಂಡರು. ಅಂಗೈಗಳು ಸರ್ವರ್ ಕೋಣೆಯ ಹಾಗೆ ತಣ್ಣಗಿದ್ದವು.

ಬೈಯಿರಿ, ಹೊಡೆಯಿರಿ, ಆದರೆ ಬರಬೇಡಿ.

ನಿಮ್ಮ
ಗುಬ್ಬಿ


ಏಪ್ರಿಲ್ ೪

ಪ್ರೀತಿಯ ಗುಬ್ಬಿ,

ಟಿಕೆಟ್ ಹರಿದಿಲ್ಲ, ಟ್ರಂಕೂ ಖಾಲಿ ಮಾಡಿಲ್ಲ. ಆದರೆ ಹೊರಟೂ ಇಲ್ಲ. ಮೊದಲು ನೀನು ಕಣ್ಣೊರೆಸಿಕೋ. ನೀನು ಅತ್ತಿದ್ದೀಯ ಅಂತ ಗೊತ್ತು, ಕಾಗದದ ತುದಿ ಉಬ್ಬಿದೆ.

ನನಗೆ ಎರಡನೆಯ ಉತ್ತರಕ್ಕೇ ಗೊತ್ತಾಗಿತ್ತು ಮಾರಾಯ. 'ಮಂಡಿ ನೋವು ಹೇಗಿದೆ, ಮೆಟ್ಟಿಲು ಹತ್ತಬೇಡ' ಅಂತ ಬಂದಿತ್ತು. ನಿನ್ನ ಅಣ್ಣ ನನ್ನನ್ನು ಮದುವೆಯಾದಾಗಿನಿಂದ ಒಂದು ದಿನ, ಒಂದೇ ಒಂದು ದಿನ ನನ್ನ ಮಂಡಿ ವಿಚಾರಿಸಿದವರಲ್ಲ. ಕೆಟ್ಟವರಲ್ಲ ಬಿಡು. ಅವರ ಗಮನವೆಲ್ಲ ಮಷೀನಿನ ಒಳಗೇ ಇರುತ್ತಿತ್ತು. ನಾನು ಎದುರಿಗೆ ಅತ್ತರೂ 'ಅದಿರ್ಲಿ, ಚಾರ್ಜರ್ ಎಲ್ಲಿಟ್ಟೆ' ಅನ್ನುವವರು. ಅಂಥವರು ಕಾಣೆಯಾದ ಮೇಲೆ ದಿಢೀರನೆ ಪ್ರೀತಿ ಸುರಿಸುತ್ತಾರಾ? ಯಾರೋ ಪುಣ್ಯಾತ್ಮರು ಬರೆಯುತ್ತಿದ್ದಾರೆ ಅಂತ ತಿಳಿದೇ ಬರೆದೆ. ನೀನು ಅಲ್ಲಿಗೆ ಹೋಗುವ ವಿಷಯ, ಗುಬ್ಬಿ ಅನ್ನುವ ಹೆಸರು, ಬಿಸಿನೀರು, ಪುಟ್ಟಿಯ ಜ್ವರ ಎಲ್ಲ ನಾನೇ ಬರೆದದ್ದು. ನಿನ್ನ ಮೊದಲ ಕಾಗದ ಬಂದ ಮೇಲೂ ಬರೆಯುವುದನ್ನು ನಿಲ್ಲಿಸಲಿಲ್ಲ. ನನಗೆ ಅದು ಬೇಕಿತ್ತು. ಊಟ ಮಾಡಿದ್ಯಾ ಅಂತ ಕೇಳುವವರು ಬೇಕಿತ್ತು. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ನನಗೆ ಕಾಣುವುದಿಲ್ಲ. ಬಾ ಅಂತ ಕರೆದರು, ಹೋಗಿ ಅವರ ನಡುವೆ ಇರೋಣ ಅನ್ನಿಸಿತು. ಗಂಡನ ಹತ್ತಿರ ಅಲ್ಲ, ಅವರ ಹತ್ತಿರ.

ಎಡಗಾಲಿನ ವಿಷಯ ನಾನು ಬರೆದಿಲ್ಲ. ನನಗೇ ಗೊತ್ತಿರಲಿಲ್ಲ. ಆಗ ನಾನು ಒಳಗೆ ಮಲಗಿದ್ದೆ.

ಈಗ ನನ್ನನ್ನು ತಡೆದು ನಿಲ್ಲಿಸಿರುವುದು ಬೇರೆಯೇ. ಅಷ್ಟು ಪ್ರೀತಿಯ ಉತ್ತರಗಳ ನಡುವೆ, ನೀನು ಅಲ್ಲಿಗೆ ಹೋಗುವ ಮೊದಲು ಒಂದು ಮಧ್ಯಾಹ್ನ, ಒಂದೇ ಸಾಲು ಬಂದಿತ್ತು. 'ಬರಬೇಡ. ಇಲ್ಲಿ ಜಾಗ ಇಲ್ಲ.' ಅಷ್ಟೇ. ಹಿಂದಿಲ್ಲ ಮುಂದಿಲ್ಲ. ಅದು ಅವರೇ. ಹಾಗೆ ಬಾಗಿಲು ಮುಚ್ಚಿದ ಹಾಗೆ ಮಾತಾಡುವುದು ಲೋಕದಲ್ಲಿ ಅವರೊಬ್ಬರೇ. ಅದನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದೆ.

ಆ ಸಾಲು ಬರೆದದ್ದು ಯಾರು ಅಂತ ಮೂವರನ್ನೂ ಕೇಳು. ಅವರಲ್ಲೊಬ್ಬರು ಬರೆದಿದ್ದರೆ ನಿನ್ನ ಅಣ್ಣ ಇಲ್ಲ ಅಂತ ಒಪ್ಪಿಕೊಂಡು, ಅತ್ತು ಮುಗಿಸಿ, ಆ ನೀಲಿ ಗೇಟಿನ ಮನೆಗೆ ಬರುತ್ತೇನೆ. ಯಾರೂ ಬರೆದಿಲ್ಲ ಅಂದರೆ ಅವರು ಬದುಕಿದ್ದಾರೆ, ಮತ್ತು ನಾನು ಅವರಿಗೆ ಬೇಡ. ಅದನ್ನೂ ತಡೆದುಕೊಳ್ಳುತ್ತೇನೆ. ಇದೊಂದು ಗೊತ್ತಾಗದೆ ನಾನು ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ನೀನು ಬಾಗಿಲು ಸರಿ ಮಾಡು, ಅದು ನಿನ್ನ ಕೆಲಸ. ಇನ್ನು ಮುಂದೆ ಅವರು ನನಗೆ ಕಾಗದ ಬರೆಯಲಿ ಅಂತ ಹೇಳು. ತಮ್ಮ ತಮ್ಮ ಹೆಸರಿನಲ್ಲೇ, ತಮ್ಮ ಮನೆಯ ವಿಷಯವನ್ನೇ ಬರೆಯಲಿ. ಬೇರೆಯವರ ಅಂಗಿ ತೊಟ್ಟು ಮಾತಾಡಿದ್ದು ಸಾಕು.

ನಿನ್ನ
ಅತ್ತಿಗೆ


ಏಪ್ರಿಲ್ ೧೦

ಅತ್ತಿಗೆ,

ಕಾಗದ ಬಂತು. ಕೇಳಿದೆ. ಆ ಸಾಲನ್ನು ಮೂವರೂ ಬರೆದಿಲ್ಲ.

ಅದು ಬ್ರೌಸರಿನಿಂದ ಹೋದದ್ದೂ ಅಲ್ಲ. ಸರ್ವರ್ ಕೋಣೆಯ ಒಳಗೆ ಒಂದು ಕೀಬೋರ್ಡ್ ಇದೆ, ಅಲ್ಲಿಂದ ಹೋಗಿದೆ. ಆ ವಾರ ಕೋಣೆಗೆ ಬೀಗ ಇತ್ತು. ಕೀಲಿ ಮ್ಯಾನೇಜರ್ ಬಳಿ ಇತ್ತು, ಅವರು ಬಾಗಿಲು ತೆಗೆದಿಲ್ಲ. ನಿಮಗೆ ಬೇಕಿದ್ದ ಉತ್ತರ ಇಷ್ಟೇ.

ಬಾಗಿಲುಗಳ ಕೆಲಸ ಮುಗಿಯಿತು. ಹೆಬ್ಬಾಗಿಲಿನ ಸೂಚನೆ ತೆಗೆದೆ. ಡೈರೆಕ್ಟರಿಗಳನ್ನು ಕಿತ್ತು ಹೊಸದಾಗಿ ಕೂರಿಸಿದೆ. ಈಗ ಎಲ್ಲರಿಗೂ ಅವರವರ ಪೆಟ್ಟಿಗೆಯೇ ತೆರೆಯುತ್ತದೆ. ರಿಸೆಪ್ಷನ್ನಿನವರು ತೆರೆದು, ತಮ್ಮ ಹೆಸರನ್ನು ನೋಡಿ, "ಇದು ಯಾರ್ದು?" ಅಂದರು. ಸ್ಟೋರಿನವರೂ ಹಾಗೇ ಅಂದರು. ಅಭ್ಯಾಸವಾಗುತ್ತದೆ.

ಮ್ಯಾನೇಜರ್ ಇಲ್ಲೇ ಇದ್ದುಬಿಡಿ ಅಂದರು. ಒಪ್ಪಿದೆ. ಕೆಲಸ ಇದೆ. ಊಟದ ನಂತರ ಕೋಣೆಯಲ್ಲಿ ಕೂರುತ್ತೇನೆ. ತಂಪಾಗಿದೆ. ಮಷೀನಿನ ಸದ್ದು ಮೊದಲು ಗುಂಯ್ ಅನ್ನಿಸುತ್ತಿತ್ತು, ಈಗ ಮಾತಿನ ಹಾಗೆ ಕೇಳಿಸುತ್ತದೆ. ಇಬ್ಬರಿಗೆ ಮಾತ್ರ ಜಾಗ ಅಂದುಕೊಂಡಿದ್ದೆ. ಸರಿದು ಕೂತರೆ ಜಾಗ ಇದೆ.

ನೀವು ಕೇಳಿದ ಹಾಗೆ ಮೂವರೂ ಕಾಗದ ಬರೆದಿದ್ದಾರೆ. ಇದರ ಜೊತೆಗೇ ಅಂಚೆಗೆ ಹಾಕುತ್ತೇನೆ.

ಅದಿರಲಿ.


ಏಪ್ರಿಲ್ ೧೬

ಗುಬ್ಬಿ,

ಇದನ್ನು ಕೂತು ಓದುತ್ತಿದ್ದರೆ ಎದ್ದು ನಿಲ್ಲು. ಆ ಕೋಣೆಯಲ್ಲಿದ್ದರೆ ಮೊದಲು ಹೊರಗೆ ಬಾ, ಆಮೇಲೆ ಮುಂದೆ ಓದು.

ನಾಲ್ಕು ಲಕೋಟೆಗಳೂ ಒಟ್ಟಿಗೇ ಬಂದವು. ಮೊದಲು ಅವರ ಮೂರನ್ನು ಒಡೆದೆ. ರಿಸೆಪ್ಷನ್ನಿನವರು ತಮ್ಮ ತಾಯಿಯ ಕಣ್ಣಿನ ಪೊರೆಯ ವಿಷಯ ಬರೆದಿದ್ದಾರೆ, ಯಾವ ಕನ್ನಡಕ ಹಾಕಿಸಲಿ ಅಂತ ಕೇಳಿದ್ದಾರೆ. ಸ್ಟೋರಿನವರು ತಮ್ಮ ಮಗ ಮಾತು ಬಿಟ್ಟದ್ದನ್ನು ಬರೆದಿದ್ದಾರೆ. ಡ್ರೈವರ್ ಪಾಪ, ನನಗೆ ಬರೆಯಲು ಬರುವುದಿಲ್ಲ ಕ್ಷಮಿಸಿ ಅಂತ ಶುರು ಮಾಡಿ ಎರಡು ಹಾಳೆ ತುಂಬಿಸಿದ್ದಾನೆ. ಒಳ್ಳೆಯ ಜನ. ಓದುತ್ತಾ ಓದುತ್ತಾ ಮನಸ್ಸು ತುಂಬಿ ಬಂತು. ಎಲ್ಲವನ್ನೂ ಅಂಗಡಿಯ ದೀಪದ ಕೆಳಗೆ ಸಾಲಾಗಿ ಹರಡಿಕೊಂಡೆ. ಆಗ ನೋಡಿದೆ.

ಮೂರೂ ಒಂದೇ ಕೈಬರಹ.

ಸಾಲುಗಳು ಬಲಕ್ಕೆ ಹೋಗುತ್ತಾ ಹೋಗುತ್ತಾ ಮೇಲೇರುತ್ತವೆ. ಅಕ್ಷರಗಳೆಲ್ಲ ಹಿಂದಕ್ಕೆ ವಾಲಿವೆ. ಪೆನ್ನನ್ನು ಎಷ್ಟು ಒತ್ತಿದ್ದಾರೆಂದರೆ ಹಾಳೆಯ ಹಿಂದೆ ಬೆರಳಾಡಿಸಿದರೆ ಕಣ್ಣು ಮುಚ್ಚಿ ಓದಬಹುದು. ಭೂತಗನ್ನಡಿ ಇಟ್ಟು ನೋಡಿದೆ. ಮನೆಗೆ ಓಡಿ, ಮದುವೆಗೆ ಮೊದಲು ನಿನ್ನ ಅಣ್ಣ ನನಗೆ ಬರೆದಿದ್ದ ಒಂದೇ ಒಂದು ಚೀಟಿ ತಂದು ಪಕ್ಕದಲ್ಲಿಟ್ಟೆ. ಅಂಗಡಿಯ ಯಜಮಾನರನ್ನು ಕರೆದು ಏನೂ ಹೇಳದೆ ತೋರಿಸಿದೆ. "ಒಬ್ಬರೇ ಬರೆದಿದ್ದಾರೆ, ಅದರಲ್ಲೇನು?" ಅಂದರು. ಇಷ್ಟು ದಿನ ಆ ಮೂವರು ಅಲ್ಲಿ ಓದಿದ್ದು ಟೈಪ್ ಮಾಡಿದ ಮೇಲ್. ಅದರಿಂದ ಮಾತು ಕಲಿಯಬಹುದು, ಅಭ್ಯಾಸ ಕಲಿಯಬಹುದು. ಕೈಯನ್ನು ಕಲಿಯಲು ಆಗುತ್ತದಾ ಗುಬ್ಬಿ? ಮೂರು ಜನಕ್ಕೂ? ಅವರಿಗೆ ಇದು ಗೊತ್ತೇ ಇಲ್ಲ, ಅದೇ ನನ್ನ ಕರುಳು ಹಿಂಡುತ್ತಿರುವುದು. ಪಾಪದವರು ತಮ್ಮ ಹೆಸರು ಹಾಕಿ, ತಾವೇ ಬರೆದಿದ್ದೇವೆ ಅಂತ ನಂಬಿ ಬರೆದಿದ್ದಾರೆ.

ನಿನ್ನ ಲಕೋಟೆಯನ್ನು ಕೊನೆಗೆ ಒಡೆದೆ. ನಿನ್ನ ಅಕ್ಷರ ಕೋಳಿ ಕೆದಕಿದ ಹಾಗಿರುತ್ತದೆ, ನಿನ್ನ ಹಿಂದಿನ ಮೂರು ಕಾಗದಗಳೂ ಹಾಗೇ ಇವೆ. ಈ ನಾಲ್ಕನೆಯದು ಹಾಗಿಲ್ಲ. ನಿನ್ನ ಹೆಸರನ್ನೂ ಹಾಕಿಲ್ಲ ನೀನು. ಈ ಕಾಗದದ ಹಿಂದೆ ಬೆರಳಾಡಿಸಿ ನೋಡಿದೆ. ಅದೇ ಒತ್ತಿದ ಅಕ್ಷರಗಳು ಬೆರಳಿಗೆ ತಗುಲಿದವು.

ಬರಬೇಡ, ಇಲ್ಲಿ ಜಾಗ ಇಲ್ಲ ಅಂದದ್ದನ್ನು ನಾನು ಬೇಡವಾದೆ ಅಂತ ಓದಿಕೊಂಡು ಎಷ್ಟು ದಿನ ಒಳಗೊಳಗೇ ಸತ್ತೆ! ಈಗ ಅರ್ಥವಾಗುತ್ತಿದೆ. ನಾನೂ ಆ ಕೋಣೆಗೆ ಸೇರಿಹೋಗಬಾರದು ಅಂತ ತಡೆದಿದ್ದಾರೆ ಅವರು. ಹುಟ್ಟಿದಾಗಿನಿಂದ ಮೊದಲ ಸಲ ನನ್ನ ಯೋಚನೆ ಮಾಡಿದ್ದಾರೆ, ಅದನ್ನೂ ಎಂದಿನಂತೆ ಸಿಡುಕಿಯೇ ಹೇಳಿದ್ದಾರೆ. ಇನ್ನು ನಾನು ಅವರ ಮೇಲೆ ಮುನಿಸಿಕೊಳ್ಳುವುದಿಲ್ಲ. ಅವರಿಗಾಗಿ ಕಾಯುವುದೂ ಇಲ್ಲ. ಆದರೆ ಆ ಕಟ್ಟಡಕ್ಕೆ ನಮ್ಮ ಮನೆಯಿಂದ ಒಬ್ಬರನ್ನು ಕೊಟ್ಟದ್ದು ಸಾಕು.

ಈ ಕಾಗದವನ್ನು ಕೊರಿಯರಿನಲ್ಲಿ ಹಾಕಿ ನಾನೂ ಹೊರಟಿದ್ದೇನೆ. ಪುಟ್ಟಿಯನ್ನು ಯಜಮಾನರ ಹೆಂಡತಿಯ ಬಳಿ ಬಿಟ್ಟಿದ್ದೇನೆ. ನಾನು ಒಳಗೆ ಕಾಲಿಡುವುದಿಲ್ಲ, ನೀಲಿ ಗೇಟಿನ ಮನೆಗೂ ಹೋಗುವುದಿಲ್ಲ. ಕಂಪನಿಯ ಗೇಟಿನ ಈಚೆ, ರಸ್ತೆಯ ಮೇಲೆ ನಿಂತಿರುತ್ತೇನೆ. ನಿನ್ನ ಬ್ಯಾಗು, ಫೋನು, ಚಪ್ಪಲಿ ಯಾವುದೂ ಬೇಡ. ಹೇಗಿದ್ದೀಯೋ ಹಾಗೇ ಬಾ.

ನಾನು ಗುಬ್ಬೀ ಅಂತ ಕೂಗುತ್ತೇನೆ. ಒಳಗಿರುವ ಅಷ್ಟೂ ಜನ ತಾವೇ ನಿನ್ನ ಅಣ್ಣ ಅಂದುಕೊಂಡು, ನಾನು ಅವರ ತಮ್ಮನನ್ನು ಕೂಗುತ್ತಿದ್ದೇನೆ ಅಂತ ಕಿಟಕಿಗೆ ಬಂದು ನಿಲ್ಲುತ್ತಾರೆ. ನಿನಗೂ ಅವರ ಪಕ್ಕದಲ್ಲಿ ನಿಂತು ನನ್ನನ್ನು ನೋಡಬೇಕು ಅನ್ನಿಸುತ್ತದೆ. ನಿಲ್ಲಬೇಡ. ನೀನು ಅಣ್ಣನಲ್ಲ ಕಣೋ, ನೀನು ನನ್ನ ಮೈದುನ. ನನ್ನ ದನಿ ಕೇಳಿದ ಕೂಡಲೇ ಎದ್ದು ಬಾಗಿಲಿಗೆ ಬಾ.

ನಿನ್ನ
ಅತ್ತಿಗೆ